ಫೇಕ್‌ರೂಟ್ ಬಿಟ್ಟು ಬಿಲ್ಡ್: ಡೆಬಿಯನ್ ಪ್ಯಾಕೇಜ್‌ಗಳ ಕೆಲಸ ಎಲ್ಲಿಗೆ ಬಂತು

ರೂಟ್ (ಸಿಸ್ಟಮ್‌ನ ಪೂರ್ಣ ಅಧಿಕಾರವಿರುವ ಯೂಸರ್) ಅಧಿಕಾರವಾಗಲಿ, ಅದು ಇದ್ದಂತೆ ನಟಿಸುವ ಫೇಕ್‌ರೂಟ್ ಸಾಧನವಾಗಲಿ ಇಲ್ಲದೆ ಡೆಬಿಯನ್ ಪ್ಯಾಕೇಜ್‌ಗಳನ್ನು ಬಿಲ್ಡ್ ಮಾಡುವ ಕೆಲಸದಲ್ಲಿ ಸುಲಭದವು ಮುಗಿದವು. ಪ್ಯಾಕೇಜ್ ವಿವರಗಳಿರುವ ಡೆಬಿಯನ್/ಕಂಟ್ರೋಲ್ ಫೈಲಿನ ಸೋರ್ಸ್ ಭಾಗಕ್ಕೆ “ರೂಲ್ಸ್-ರಿಕ್ವೈರ್ಸ್-ರೂಟ್: ನೋ” (ಬಿಲ್ಡ್‌ಗೆ ರೂಟ್ ಬೇಡ) ಎಂಬ ಒಂದೇ ಸಾಲು ಸೇರಿಸಿದ್ದು ಅವಕ್ಕೆ ಸಾಕಾಯಿತು. ಡೆಬಿಯನ್‌ನ ಪ್ಯಾಕೇಜ್ ಸಾಧನವಾದ ಡಿಪಿಕೆಜಿಯಲ್ಲಿ 1.19.0ರಿಂದ ಈ ಫೀಲ್ಡ್ ಇದೆ. ಇಷ್ಟು ಸಲೀಸಾಗಲು ಕಾರಣವಿದೆ: ಬಹುಪಾಲು ಪ್ಯಾಕೇಜ್‌ಗಳಿಗೆ ರೂಟ್ ಬೇಕಾಗಿದ್ದೇ .ಡೆಬ್ (ಸಿದ್ಧವಾದ ಪ್ಯಾಕೇಜ್ ಫೈಲ್) ಒಳಗಿನ ಫೈಲ್‌ಗಳ ಓನರ್ ರೂಟ್ ಎಂದು ದಾಖಲಾಗಲಿ ಅಂತ. ಫೇಕ್‌ರೂಟ್ ಎಲ್‌ಡಿ_ಪ್ರೀಲೋಡ್ (ಪ್ರೋಗ್ರಾಂಗೆ ಮೊದಲೇ ಬೇರೊಂದು ಲೈಬ್ರರಿ ಸೇರಿಸುವ ವಿಧಾನ) ಮೂಲಕ ಓನರ್ ಬದಲಿಸುವ ಸಿಎಚ್‌ಓನ್, ಫೈಲ್ ವಿವರ ಕೇಳುವ ಸ್ಟ್ಯಾಟ್ ಕರೆಗಳನ್ನು ತಡೆದು ಸುಳ್ಳು ಉತ್ತರ ಕೊಡುತ್ತಿತ್ತು. ಈಗ ಡಿಪಿಕೆಜಿ-ಡೆಬ್‌ನ “--ರೂಟ್-ಓನರ್-ಗ್ರೂಪ್” ಆಯ್ಕೆ ಓನರ್ ರೂಟ್ ಎಂದು ನೇರವಾಗಿ .ಡೆಬ್ ಒಳಗಿನ ಟಾರ್ ಆರ್ಕೈವ್‌ಗೆ ಬರೆಯುತ್ತದೆ. ಬಿಲ್ಡ್ ಹಂತಗಳನ್ನು ನಡೆಸುವ ಡೆಬ್‌ಹೆಲ್ಪರ್ ಬಳಸಿದರೆ ಈ ಆಯ್ಕೆಯನ್ನು ಕೈಯಾರೆ ಕೊಡಬೇಕಿಲ್ಲ.

ಸಿಕ್ಕಿಕೊಂಡವುಗಳಲ್ಲಿ ಮೊದಲಿನದು, ಮೂಲ ಮೇಕ್‌ಫೈಲ್‌ನಲ್ಲೇ “ಇನ್‌ಸ್ಟಾಲ್ -ಓ ರೂಟ್ -ಜಿ ರೂಟ್” (ಓನರ್, ಗ್ರೂಪ್ ಎರಡನ್ನೂ ರೂಟ್ ಮಾಡು) ಇರುವ ಪ್ಯಾಕೇಜ್‌ಗಳು. “ಆಪರೇಷನ್ ನಾಟ್ ಪರ್ಮಿಟೆಡ್” ಎಂದು ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಫೀಲ್ಡನ್ನು “ಬೈನರಿ-ಟಾರ್ಗೆಟ್ಸ್” (ಮತ್ತೆ ರೂಟ್ ಅಥವಾ ಫೇಕ್‌ರೂಟ್ ಬೇಕು) ಮಾಡಿದರೆ ಎರರ್ ಹೋಗುತ್ತದೆ ನಿಜ, ಆದರೆ ಅದು ತೇಪೆ ಹಚ್ಚಿದಂತೆ. ಆ ಎರಡು ಆಯ್ಕೆಗಳನ್ನು ತೆಗೆಯುವ ಪ್ಯಾಚ್ ಹಾಕಿ, ಮೂಲ ಪ್ರಾಜೆಕ್ಟ್‌ಗೂ ಕಳಿಸುವುದೇ ಸರಿ.

ಸೆಟ್‌ಯುಐಡಿ ಬೈನರಿ (ಯಾರು ಓಡಿಸಿದರೂ ಓನರ್‌ನ ಅಧಿಕಾರದಲ್ಲೇ ನಡೆಯುವ ಪ್ರೋಗ್ರಾಂ) ಇದ್ದರೆ ರೂಟ್ ಬೇಕೇ ಬೇಕು ಎಂಬ ನಂಬಿಕೆ ತಪ್ಪು. ತನ್ನದೇ ಫೈಲಿಗೆ ಸೆಟ್‌ಯುಐಡಿಯ 4755 ಮೋಡ್ ಹಾಕಲು ಯಾವ ಯೂಸರ್‌ಗೂ ಅಡ್ಡಿಯಿಲ್ಲ. ಓನರ್ ಹೇಗೂ ಟಾರ್‌ನಲ್ಲಿ ರೂಟ್ ಆಗುತ್ತದೆ. ಎಡವುವುದು ಬೇರೆ ಕಡೆ: ಡೆಬ್‌ಹೆಲ್ಪರ್‌ನ ಡಿಎಚ್_ಫಿಕ್ಸ್‌ಪರ್ಮ್ಸ್ ಎಲ್ಲ ಫೈಲ್‌ಗಳ ಸೆಟ್‌ಯುಐಡಿ, ಸೆಟ್‌ಜಿಐಡಿ (ಗ್ರೂಪಿನ ಅಧಿಕಾರಕ್ಕೆ ಅದೇ ಬಗೆಯದು) ಬಿಟ್‌ಗಳನ್ನು ಅಳಿಸಿಬಿಡುತ್ತದೆ. ಹಾಗಾಗಿ ಮೋಡ್ ಹಾಕುವ ಸಿಎಚ್‌ಮಾಡ್ ಸಾಲು “ಎಕ್ಸಿಕ್ಯೂಟ್_ಆಫ್ಟರ್_ಡಿಎಚ್_ಫಿಕ್ಸ್‌ಪರ್ಮ್ಸ್” ಟಾರ್ಗೆಟ್‌ನಲ್ಲಿರಬೇಕು.

ಬೇರೆ ಗ್ರೂಪಿನ ಸೆಟ್‌ಜಿಐಡಿಯಲ್ಲಿ ಎರಡು ಬಗೆ. “ಗೇಮ್ಸ್”ನಂತೆ ಎಲ್ಲ ಡೆಬಿಯನ್‌ನಲ್ಲೂ ಇರುವ ಗ್ರೂಪ್ ಆದರೆ ಟಾರ್‌ನಲ್ಲೇ ದಾಖಲಾಗಬೇಕು. ಅಲ್ಲಿ “ಬೈನರಿ-ಟಾರ್ಗೆಟ್ಸ್” ನ್ಯಾಯವಾದದ್ದೇ. ಇನ್‌ಸ್ಟಾಲ್ ಹೊತ್ತಿಗೆ ಸೃಷ್ಟಿಯಾಗುವ ಗ್ರೂಪ್ ಬಿಲ್ಡ್ ಮಷಿನ್‌ನಲ್ಲಿ ಇರುವುದೇ ಇಲ್ಲ, ಕೆಲಸ ಇನ್‌ಸ್ಟಾಲ್ ಹೊತ್ತಿಗೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್‌ನದು. ಅಲ್ಲಿ ಸಿಎಚ್‌ಓನ್ ಮೊದಲು, ಸಿಎಚ್‌ಮಾಡ್ ಆಮೇಲೆ. ತಿರುಗುಮುರುಗಾದರೆ ಓನರ್ ಬದಲಾದ ಕ್ಷಣವೇ ಕರ್ನಲ್ ಆ ಬಿಟ್ ಕಿತ್ತುಹಾಕುತ್ತದೆ, ಎರರ್ ಮಾತ್ರ ಬರುವುದಿಲ್ಲ.

ಕೇಪಬಿಲಿಟಿಗಳೂ (ಪ್ರೋಗ್ರಾಂಗೆ ಕೊಡುವ ರೂಟ್ ಅಧಿಕಾರದ ತುಣುಕುಗಳು) ಪೋಸ್ಟ್‌ಇನ್‌ಸ್ಟ್‌ಗೇ ಹೋದವು, .ಡೆಬ್ ಅವನ್ನು ಹೊತ್ತೊಯ್ಯುವುದಿಲ್ಲ. ಆರ್‌ಪಿಎಂ ಎಂಬ ಬೇರೆ ಪ್ಯಾಕೇಜ್ ಮಾದರಿಯವರಿಗೆ ಸ್ಪೆಕ್ ಫೈಲ್‌ನಲ್ಲೇ “%ಕ್ಯಾಪ್ಸ್” ಇದೆ, ಒಳ್ಳೆಯ ಅನುಕೂಲ.

ಪರೀಕ್ಷೆ, ಪ್ರತ್ಯೇಕ ಪರಿಸರದಲ್ಲಿ ಬಿಲ್ಡ್ ಮಾಡುವ ಎಸ್‌ಬಿಲ್ಡ್‌ನ ರೂಟ್ ಬೇಡದ ಅನ್‌ಶೇರ್ ಮೋಡ್‌ನಲ್ಲಿ. ಇದಕ್ಕೆ /ಇಟಿಸಿ/ಸಬ್‌ಯುಐಡಿ ಮತ್ತು ಸಬ್‌ಜಿಐಡಿಯಲ್ಲಿ ಯೂಸರ್ ಹೆಸರಿಗೆ 65536 ಐಡಿಗಳ ಸಾಲು ಇರಬೇಕು. ಹಳೆಯ, ಹೊಸ .ಡೆಬ್ ಎರಡನ್ನೂ ಹೋಲಿಕೆಯ ಸಾಧನವಾದ ಡಿಫೋಸ್ಕೋಪ್‌ಗೆ ಕೊಟ್ಟರೆ ಓನರ್ ಅಥವಾ ಮೋಡ್ ವ್ಯತ್ಯಾಸ ತಕ್ಷಣ ಕಾಣುತ್ತದೆ. ಬಿಲ್ಡ್ ಆಯಿತು ಅಂದಮಾತ್ರಕ್ಕೆ ನಂಬಬೇಡಿ, ಈ ಹೋಲಿಕೆಯನ್ನು ಬಿಡಲೇಬೇಡಿ.

ಉಳಿದಿರುವುದು, ಬಿಲ್ಡ್ ನಡುವೆ ಲೂಪ್ ಮೌಂಟ್ ಮಾಡಿ (ಇಮೇಜ್ ಫೈಲನ್ನು ಡಿಸ್ಕ್‌ನಂತೆ ಜೋಡಿಸಿ, ಇದಕ್ಕೆ ರೂಟ್ ಬೇಕು) ಎಕ್ಸ್‌ಟಿ4 ಡಿಸ್ಕ್ ಇಮೇಜ್ ತುಂಬಿಸುವ ಪ್ಯಾಕೇಜ್‌ಗಳು. “ಎಂಕೆಇ2ಎಫ್‌ಎಸ್ -ಡಿ” ಮೌಂಟ್ ಇಲ್ಲದೆಯೇ ಡೈರೆಕ್ಟರಿಯಿಂದ ಇಮೇಜ್ ತುಂಬಿಸುತ್ತದೆ, ಆದರೆ ಒಳಗಿನ ಫೈಲ್‌ಗಳಿಗೆ ಬಿಲ್ಡ್ ಮಾಡಿದ ಯೂಸರ್‌ನ ಯುಐಡಿಯೇ ಉಳಿಯುತ್ತದೆ. “ರೂಟ್_ಓನರ್=0:0” ಬದಲಿಸುವುದು ಇಮೇಜ್‌ನ ಮೇಲಿನ ಡೈರೆಕ್ಟರಿಯನ್ನು ಮಾತ್ರ. ಎಂಕೆಇ2ಎಫ್‌ಎಸ್ ಬರುವ ಇ2ಎಫ್‌ಎಸ್‌ಪ್ರಾಗ್ಸ್ 1.47.1ರಿಂದ “-ಡಿ”ಗೆ ಟಾರ್ ಫೈಲನ್ನೂ ಕೊಡಬಹುದು, ಲಿಬ್‌ಆರ್ಕೈವ್ ಲೈಬ್ರರಿ ಇರಬೇಕು ಅಷ್ಟೆ. “ಟಾರ್ --ಓನರ್=0 --ಗ್ರೂಪ್=0” ಎಂದು ಕಟ್ಟಿ ಅದಕ್ಕೆ ಉಣಿಸುವುದು ಮುಂದಿನ ಹೆಜ್ಜೆ.