ಹಳೇ ಗೂಡ್ಸ್ ಗಾಡಿ ತಗೊಳ್ಳುವವರು ಮೊದಲು ಹಿಂದೆ ಬಗ್ಗಿ ನೋಡಿ

ಹುಬ್ಬಳ್ಳಿ
12 ಜನವರಿ 2025, ಭಾನುವಾರ

ಸೋದರಮಾವನ ಮಗ ತರಕಾರಿ ವ್ಯಾಪಾರ ಸ್ವಲ್ಪ ದೊಡ್ಡದು ಮಾಡಬೇಕು ಅಂತಿದ್ದಾನೆ. ಅಮರಗೋಳ ಎಪಿಎಂಸಿಯಿಂದ ಧಾರವಾಡಕ್ಕೆ ದಿನಾ ಬಾಡಿಗೆ ಗಾಡಿ ಹಿಡಿದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ಹುಡುಕುತ್ತಿದ್ದೇವೆ. ಇವತ್ತು ಬೆಳಿಗ್ಗೆ ಗಬ್ಬೂರು ಕ್ರಾಸ್ ಹತ್ತಿರ ಒಂದು ನೋಡಿದೆವು, ಮಧ್ಯಾಹ್ನ ಗೋಕುಲ ರೋಡಿನಲ್ಲಿ ಇನ್ನೊಂದು. ಎರಡೂ ಚಿಕ್ಕ ಡೀಸೆಲ್ ಗಾಡಿ. ಒಂದು ಧಾರವಾಡದ ಕೆಎ-25, ಇನ್ನೊಂದು ಹಾವೇರಿ ಕಡೆಯ ಕೆಎ-27.

ಹುಡುಗನ ಮೊದಲ ಪ್ರಶ್ನೆ ಎಷ್ಟು ಕಿಲೋಮೀಟರ್ ಓಡಿದೆ ಅಂತ. ಗೂಡ್ಸ್ ಗಾಡಿಗೆ ಅದು ಆಮೇಲಿನ ಮಾತು. ಏನು ಹೊತ್ತಿದೆ ಅಂತ ಮೊದಲು ಕೇಳಬೇಕು. ಬ್ಯಾಡಗಿ ಮೆಣಸಿನಕಾಯಿ ಚೀಲ ಎಷ್ಟು ಎತ್ತರ ಪೇರಿಸಿದರೂ ತೂಕ ಕಡಿಮೆ. ಗದಗಿನ ಉಳ್ಳಾಗಡ್ಡಿ ಹಾಗಲ್ಲ. ಸಿಮೆಂಟು, ಎಂ-ಸ್ಯಾಂಡ್, ಟೈಲ್ಸ್ ಹೊತ್ತ ಗಾಡಿಯಂತೂ ಮೀಟರ್ ಕಡಿಮೆ ತೋರಿಸಿದರೂ ಒಳಗೆ ಸವೆದು ಹೋಗಿರುತ್ತದೆ. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ ಹೇರುವುದು ನಮ್ಮ ಕಡೆ ಹೊಸದೇನಲ್ಲ. ಮಾಲೀಕರು ಹೇಳದಿದ್ದರೂ ಹಿಂದೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ.

ಗಬ್ಬೂರು ಕ್ರಾಸಿನ ಗಾಡಿ ಹೊರಗಿನಿಂದ ಥಳಥಳ. ಹೊಸ ಬಣ್ಣ, ಹೊಸ ಸೀಟ್ ಕವರ್. ನಾನು ಟಾರ್ಚ್ ಹಿಡಿದು ಹಿಂದಿನ ಚಕ್ರದ ಪಕ್ಕ ಮಲಗಿದೆ. ಪಾಟಾಗಳೆಲ್ಲ (ಲೋಡ್ ಹೊರುವ ಸ್ಪ್ರಿಂಗ್ ಪಟ್ಟಿಗಳು) ತುಕ್ಕು ಹಿಡಿದು ಕೆಂಪಗಿದ್ದವು, ಕೆಳಗಿನದೊಂದು ಮಾತ್ರ ಕಪ್ಪಗೆ ಹೊಸದಾಗಿತ್ತು. ಅವನ್ನು ಆಕ್ಸಲ್‌ಗೆ ಬಿಗಿಯುವ ಯೂ-ಬೋಲ್ಟ್ ಕೂಡ ಉದ್ದದ್ದು ಹಾಕಿದ್ದರು. ಅಂದರೆ ಜಾಸ್ತಿ ಲೋಡಿಗಾಗಿ ಪಾಟಾ ಸೇರಿಸಿದ್ದಾರೆ. ಹಾಗೇ ಟಾರ್ಚನ್ನು ಮುಂದಕ್ಕೆ ಸರಿಸಿದೆ. ಪಾಟಾ ಕೂರುವ ಬ್ರಾಕೆಟ್ ಹತ್ತಿರ ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಮೇಲೆ ಒಂದು ಕಡೆ ಮಾತ್ರ ದಪ್ಪಗೆ ಕಪ್ಪು ಬಣ್ಣ ಮೆತ್ತಿತ್ತು. ಕೀಲಿಯಿಂದ ಕೆರೆದರೆ ಬಣ್ಣ ಎದ್ದು ಬಂತು, ಕೆಳಗೆ ಉಬ್ಬುತಗ್ಗಾದ ವೆಲ್ಡಿಂಗ್. ಬೆರಳಾಡಿಸಿದರೆ ಅದರ ತುದಿಯಿಂದ ಕೂದಲೆಳೆಯಷ್ಟು ಬಿರುಕು ಮತ್ತೆ ಹೊರಟಿತ್ತು.

“ಅದು ಕಂಪನಿಯಿಂದನ ಹಂಗ ಬಂದದರೀ” ಅಂದರು ಮಾಲೀಕರು. ಫ್ಯಾಕ್ಟರಿ ವೆಲ್ಡಿಂಗ್ ಒಂದೇ ಸಮ ಇರುತ್ತದೆ, ಇದು ಹಾಗಿರಲಿಲ್ಲ.

ಪಾಟಾ ಸೇರಿಸಿದರೆ ಗಾಡಿ ಗಟ್ಟಿ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಪಾಟಾ ಮಾತ್ರ ಗಟ್ಟಿ ಆಯಿತು, ಅಷ್ಟೇ. ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಎಲ್ಲ ಹಳೇ ಅಳತೆಯವೇ. ಪಾಟಾ ಬಗ್ಗದಿದ್ದರೆ ಗುಂಡಿಯ ಏಟು ಸೀದಾ ಬ್ರಾಕೆಟ್ಟಿಗೆ, ಅಲ್ಲಿಂದ ಚಾಸಿಗೆ ಹೋಗುತ್ತದೆ. ಎಂಜಿನ್ ಕೆಟ್ಟರೆ ಬಿಚ್ಚಿ ಮಾಡಿಸಬಹುದು. ಬಿರುಕು ಬಿಟ್ಟ ಚಾಸಿ ಮೇಲೆ ಲೋಡ್ ಹಾಕಿಕೊಂಡು ಹೆದ್ದಾರಿಗೆ ಇಳಿಯುವುದು ಜೀವದ ಪ್ರಶ್ನೆ. ಆ ಗಾಡಿಯ ಎಂಜಿನ್ ಸ್ಟಾರ್ಟ್ ಕೂಡ ಮಾಡಿಸಲಿಲ್ಲ, ಕೈಮುಗಿದು ಬಂದೆವು.

ಗೋಕುಲ ರೋಡಿನವರಿಗೆ ನಿನ್ನೆಯೇ ಫೋನ್ ಮಾಡಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂದಿದ್ದೆ. ಬಿಸಿ ಎಂಜಿನ್ ಎಷ್ಟೋ ರೋಗ ಮುಚ್ಚಿಡುತ್ತದೆ. ಹೋದ ಕೂಡಲೇ ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಒಂದೇ ಸಲಕ್ಕೆ ಹಿಡಿಯಿತು. ಮೊದಲು ಸ್ವಲ್ಪ ಬಿಳಿ ಹೊಗೆ ಬಂದು ನಿಂತಿತು, ಅದಕ್ಕೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ನೀರೂ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನಡಿಯ ಸೀಲ್) ನೋಡಿಸಬೇಕು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕರಿ ಹೊಗೆಗೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಬೇಕು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದೆ. ಅಲ್ಲಿಂದ ಹೊಗೆ ಬುಸುಬುಸು ಅಂತ ಜೋರಾಗಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಇದರಲ್ಲಿ ಅಷ್ಟೇನಿರಲಿಲ್ಲ.

ರೇಡಿಯೇಟರ್ ವಿಷಯ ನಮ್ಮ ಭಾಗದವರು ಗಮನ ಕೊಟ್ಟು ನೋಡಬೇಕು. ಕೂಲಂಟ್ ಬದಲು ಬೋರ್ ನೀರು ಹಾಕುವ ಚಾಳಿ ಜಾಸ್ತಿ. ಈ ಕಡೆಯ ಎಷ್ಟೋ ಬೋರ್‌ಗಳ ನೀರು ಗಡಸು. ಕೊಡದೊಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಕೊಳವೆಯೊಳಗೂ ಕಟ್ಟುತ್ತದೆ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗುವುದಿಲ್ಲ. ಅಂಕೋಲಾದಿಂದ ಲೋಡ್ ಹಾಕಿಕೊಂಡು ಅರಬೈಲ್ ಘಾಟ್ ಹತ್ತುವಾಗ ಎಂಜಿನ್ ಬಿಸಿ ತೋರಿಸುವ ಸೂಜಿ ಮೇಲೇರುತ್ತದೆ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೋಡಿ. ನೀರು ತುಕ್ಕಿನ ಬಣ್ಣಕ್ಕಿದ್ದರೆ ರೇಡಿಯೇಟರ್, ವಾಟರ್ ಪಂಪ್ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಈ ಗಾಡಿಯಲ್ಲಿ ಹಸಿರು ಕೂಲಂಟ್ ಇತ್ತು. ನೋಡಿ ನಿಜವಾಗಿ ಖುಷಿಯಾಯಿತು.

ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿಸಿದೆ. ಎಂಜಿನ್ ಆಫ್ ಆಯಿತು. ಆಫ್ ಆಗದೆ ಗುರ್ ಅನ್ನುತ್ತಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಓಡಿಸುವಾಗ ಎರಡನೇ ಗೇರಿನಲ್ಲಿ ಎಕ್ಸಿಲೇಟರ್ ಬಿಟ್ಟು ನೋಡಿದೆ, ಗೇರ್ ಹಾರಲಿಲ್ಲ. ಗಾಡಿ ಎಳೆಯುವಾಗ ‘ಟಕ್’ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ) ಕ್ರಾಸ್ ಸವೆದಿರುತ್ತದೆ, ಅದು ಸಣ್ಣ ಖರ್ಚು. ವೇಗದಲ್ಲಿ ಹಿಂದಿನಿಂದ ಕುಂಯ್ ಅಂತ ಎಳೆದ ಸದ್ದು ಬಂದು, ಎಕ್ಸಿಲೇಟರ್ ಬಿಟ್ಟಾಗ ಆ ಸದ್ದು ಬದಲಾದರೆ ಹಿಂದಿನ ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಗೇರ್‌ಗಳ ಕಡೆ ಅನುಮಾನ ಪಡಬೇಕು. ಅದು ದೊಡ್ಡ ಖರ್ಚು.

ಇದರಲ್ಲಿ ಸಿಕ್ಕಿದ್ದು ಎರಡು ದೋಷ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಲೂಸ್ ಇತ್ತು. ಹುಡುಗನಿಗೆ ಬ್ರೇಕ್ ಒತ್ತಲು ಹೇಳಿದ್ದೆ, ಚಕ್ರ ಆಗಲೂ ಅಲ್ಲಾಡಿತು. ಹಾಗಾಗಿ ಬೇರಿಂಗ್ ಅಲ್ಲ, ಪಿನ್ನೇ. ಟೈರ್ ಒಂದು ಬದಿ ಸವೆದದ್ದೂ ಅದರಿಂದಲೇ ಇರಬೇಕು. ಹಿಂದಿನ ಎಡ ಬ್ರೇಕ್ ಡ್ರಮ್ಮಿನ ಒಳಬದಿ ಒದ್ದೆ ಇತ್ತು, ಬ್ರೇಕಿನ ವೀಲ್ ಸಿಲಿಂಡರ್ ಸೋರುತ್ತಿದೆ. ಎರಡೂ ಲೋಡ್ ಹಾಕುವ ಮೊದಲೇ ಆಗಬೇಕಾದ ಕೆಲಸ. ಚಾಸಿಗೆ ಮಾತ್ರ ಎಲ್ಲೂ ವೆಲ್ಡಿಂಗ್ ಮಾಡಿಸಿಲ್ಲ, ಪಾಟಾಗಳೂ ಮೂಲದವೇ. ಬಟ್ಟೆ ಅಂಗಡಿಯ ಮಾಲು ಹೊಡೆಯುತ್ತಿದ್ದೆವು ಅಂತ ಅವರು ಹೇಳಿದ್ದನ್ನು ನಂಬಬಹುದು ಅನಿಸಿತು.

ಹುಡುಗ ಏಪ್ರಿಲ್ 2020ರ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ ನೋಡೋಣವಾ ಅಂದ. ನೋಡಬಹುದು. ಆದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿ ಬರೀ ಊರೊಳಗೆ ಓಡಿದ್ದರೆ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಂಡಿರುತ್ತದೆ. ಸ್ಕ್ಯಾನರ್ ಹಾಕಿಸದೆ ಮುಟ್ಟಬಾರದು.

ಗೋಕುಲ ರೋಡಿನ ಗಾಡಿಗೆ ಎಂಟು ವರ್ಷ ದಾಟಿದೆ, ಇನ್ನು ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ. ಸಾಲ ತೀರಿದೆ ಅಂದರು, ಅದಕ್ಕೆ ಬ್ಯಾಂಕಿನ ಸಹಿ ಇರುವ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ತೋರಿಸಿ ಅಂದಿದ್ದೇವೆ. ಕಿಂಗ್ ಪಿನ್ ಮತ್ತು ಬ್ರೇಕ್ ಖರ್ಚು ಬೆಲೆಯಲ್ಲಿ ಕಳೆಯಲು ಒಪ್ಪಿದ್ದಾರೆ. ಸಂಕ್ರಾಂತಿ ಮುಗಿಸಿ ಬುಧವಾರ ನಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗುತ್ತೇವೆ. ಬ್ರೇಕ್ ಸರಿ ಮಾಡಿಸಿ, ಅರ್ಧ ಟನ್ ಉಳ್ಳಾಗಡ್ಡಿ ಹಾಕಿ, ನೃಪತುಂಗ ಬೆಟ್ಟದ ಕಡೆ ಏರು ಹತ್ತಿಸಿ ನೋಡಬೇಕು. ಅಡ್ವಾನ್ಸ್ ಆಮೇಲೆ.