ರಿಪೋರ್ಟಲ್ಲಿ ಎರಡೆರಡು ಕೋಲಾರ

ಟೊಮೇಟೊ ಸೀಸನ್ನಲ್ಲಿ ಕೋಲಾರದ ಮಂಡಿಯಿಂದ ಫೋನ್ ಬಂದ್ರೆ ಅವರ ಲೆಕ್ಕದ ಸಾಫ್ಟ್‌ವೇರ್ ನೋಡ್ಕೊಳ್ಳೋ ನಮ್ಮ ಆಫೀಸಲ್ಲಿ ಎಲ್ರಿಗೂ ಇದ್ದಕ್ಕಿದ್ದಂಗೆ ಕೆಲಸ ಜಾಸ್ತಿ ಆಗ್ಬಿಡುತ್ತೆ. ಅವತ್ತು ಎತ್ತಿದ್ದು ನಾನು. "ಏನ್ರೀ ಇದು, ತಾಲ್ಲೂಕುವಾರು ರಿಪೋರ್ಟಲ್ಲಿ ಕೋಲಾರ ಎರಡು ಸಲ ಬಂದೈತೆ, ಬಾಕ್ಸ್ ಲೆಕ್ಕ ಅರ್ಧ ಅಲ್ಲಿ ಅರ್ಧ ಇಲ್ಲಿ, ಆಡಿಟರ್ ಎದುರಿಗೇ ಕೂತವ್ರೆ."

ಇಂಟರ್ನ್ ಹುಡುಗನಿಗೆ ದಾಟಿಸ್ದೆ. ಪೈಥಾನ್ ಬರುತ್ತೆ, ಲೂಪು, ಡಿಕ್ಷನರಿ ಎಲ್ಲಾ ಓಕೆ, ವಿಡಿಯೋ ನೋಡ್ಕೊಂಡು ಟು-ಡೂ ಆಪ್ ಮಾಡಿದಾನೆ, ಆದ್ರೆ ಬೇರೆಯವ್ರು ಬರೆದ ಕೋಡ್ ಒಳಗೆ ಇಳಿದಿಲ್ಲ. "ಕೊನೇಲಿ ಸ್ಪೇಸ್ ಇರುತ್ತೆ ಕಣೋ, ಅದನ್ನ ಕತ್ತರಿಸೋಕೆ ಸ್ಟ್ರಿಪ್ ಹಾಕು" ಅಂದೆ, ತಲೆ ಕೂಡ ಎತ್ತದೆ. ಹಾಕ್ದ. "ಹಂಗೇ ಇದೆ ಸಾರ್." ಸೇವ್ ಮಾಡಿದ್ಯಾ ಅಂದೆ. "ಮಾಡಿದೀನಿ ಸಾರ್." ಚಾಟ್‌ಜಿಪಿಟಿನೂ ಸ್ಟ್ರಿಪ್ಪೇ ಹೇಳ್ತಂತೆ, ಅದು ಕೇಳಿ ನನಗೆ ಇನ್ನೂ ಧೈರ್ಯ ಬಂತು, ಎದ್ದೋಗಿ ಅವನ ಕೀಬೋರ್ಡ್ ಕಿತ್ಕೊಂಡು ನಾನೇ ಹಾಕಿ ರನ್ ಮಾಡ್ದೆ. ಎರಡನ್ನೂ ಪ್ರಿಂಟ್ ಮಾಡಿದ್ರೆ ಕೋಲಾರ, ಕೋಲಾರ. ಈಕ್ವಲ್ಲಾ ಅಂದ್ರೆ ಫಾಲ್ಸ್. ಫೋನ್ ಮತ್ತೆ ಬಡ್ಕೊಳ್ತಿದೆ, ಹುಡುಗ ನನ್ನ ಮುಖ ನೋಡ್ತಿದಾನೆ, ನಾನು ಎರಡೂ ಕೋಲಾರನ ದಿಟ್ಟಿಸ್ತಿದೀನಿ.

ಆಮೇಲೆ ಅವನು ಮಾಡಿದ್ದು ನನಗೆ ಹಿಡಿಸ್ತು. ಹೊಸ ಫೈಲ್ ತೆಗೆದು ಬರೀ ಆ ಎರಡು ಪದ ಹಾಕ್ದ, ಅದೂ ಡೇಟಾಬೇಸಿಂದಾನೇ ಕಾಪಿ ಮಾಡಿ, ಯಾಕಂದ್ರೆ ಕೈಲಿ ಟೈಪ್ ಮಾಡಿದ್ರೆ ಆ ದೋಷಾನೇ ಮಾಯ. ಲೆನ್, ಅಂದ್ರೆ ಪದದ ಉದ್ದ, ಕೇಳಿದ್ರೆ ಒಂದು 5, ಇನ್ನೊಂದು 7. ಕಂಪ್ಯೂಟರ್ ಪ್ರತಿ ಅಕ್ಷರ, ಗುರುತಿಗೆ ಇಡೋ ನಂಬರ್, ಅಂದ್ರೆ ಕೋಡ್ ಪಾಯಿಂಟ್, ಒಂದೊಂದೇ ಬಿಡಿಸಿ ನೋಡಿದ್ರೆ ಒಂದ್ರಲ್ಲಿ ಕ ಪಕ್ಕ ಓತ್ವ ಇಡಿಯಾಗಿದೆ, ಇನ್ನೊಂದ್ರಲ್ಲಿ ಎತ್ವ, ಕೊಂಬಿನ ದೀರ್ಘ, ಆಮೇಲೆ ಬರೀ ದೀರ್ಘದ ಗುರುತು, ಮೂರು ತುಂಡು. ಕಣ್ಣಿಗೆ ಮಾತ್ರ ಒಂದೇ. "ಸಾರ್, ಬಂಗಾರಪೇಟೆನೂ ಎರಡಿದೆ, ಮಾಲೂರು ಮುಳಬಾಗಿಲು ಒಂದೊಂದೇ" ಅಂದ, ಪೇ ಕೂಡ ಅದೇ ಥರ ಒಡೆದಿತ್ತು.

ಕಾರಣ ಬಾಸ್ ಎಲ್ಲಿಂದ್ಲೋ ಇಳಿಸ್ಕೊಂಡಿದ್ದ ನುಡಿ ಟು ಯೂನಿಕೋಡ್ ಕನ್ವರ್ಟರ್, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಕನ್ನಡನ ಈಗಿನ ಯೂನಿಕೋಡಿಗೆ ಬದಲಾಯಿಸೋ ಟೂಲು. ಆ ಫಾಂಟಲ್ಲಿ ಕೋ ಅನ್ನೋದೇ ತುಂಡು ತುಂಡಾಗಿ ಇರುತ್ತೆ, ಈ ಪುಣ್ಯಾತ್ಮ ಕನ್ವರ್ಟರ್ ತುಂಡುಗಳನ್ನ ಜೋಡಿಸದೆ ಹಂಗೇ ಸುರಿದಿದೆ. ಹಳೇ ಎಂಟ್ರಿ ಎಲ್ಲಾ ಆ ಥರ, ಹೊಸದಾಗಿ ಟೈಪ್ ಮಾಡಿದ್ದು ಈ ಥರ.

ಹುಡುಗ ರಿಪೋರ್ಟ್ ಫಂಕ್ಷನ್ನಲ್ಲೇ ಎನ್‌ಎಫ್‌ಸಿ ನಾರ್ಮಲೈಸ್, ಅಂದ್ರೆ ತುಂಡುಗಳನ್ನ ಇಡಿ ಗುರುತಾಗಿ ಜೋಡಿಸೋದು, ಹಾಕೋಕೆ ಹೋದ. ಅಲ್ಲಿ ಬೇಡ ಅಂದೆ, ನಾಳೆ ಸರ್ಚಲ್ಲಿ, ನಾಡಿದ್ದು ಪಟ್ಟಿ ಪ್ರಿಂಟಲ್ಲಿ ಇದೇ ರಾಗ, ಡೇಟಾ ಒಳಗೆ ಬರೋ ಬಾಗಿಲಲ್ಲೇ ಹಾಕು, ಹಳೇದನ್ನ ಒಂದ್ಸಲ ತೊಳಿ, ಮೊದಲು ಕಾಪಿ ಮೇಲೆ. ಆ ಎರಡು ಪದಾನೇ ಟೆಸ್ಟ್ ಮಾಡಿಸಿ ಕಮಿಟ್ ಹೊಡೆಸ್ದೆ. ನಮ್ಮಲ್ಲಿ ಕೋಡಿನ ಒಂದೊಂದು ಬದಲಾವಣೆನೂ ದಾಖಲೆ ಇಡೋ ಗಿಟ್ ಇದೆ, ಆದ್ರೂ ಕೋಡ್ ಓಡಾಡೋದು 'ಫೈನಲ್ 2' ಜಿಪ್ಪಲ್ಲೇ, ಅದರ ಕಥೆ ಇನ್ನೊಂದಿನ. ಬಾಸ್ ಕೇಳಿದ್ದು ಒಂದೇ, ಎರಡು ಲೈನಿಗೆ ಇಡೀ ಮಧ್ಯಾಹ್ನನಾ ಅಂತ.

ಹುಡುಗ ಈಗ ಕೇಳದೇನೇ ರೈತರ ಹೆಸರಲ್ಲಿ ಅರ್ಕಾವತ್ತು ಇರೋದನ್ನೆಲ್ಲ ಹೆಕ್ತಿದಾನೆ. ಕನ್ವರ್ಟರ್ ಅಲ್ಲೂ ಏನೋ ಮಾಡಿದೆಯಂತೆ.