ಕೆಂಡದ ಮುಂದೆ

ಎರಡು ವರ್ಷದ ಮೇಲೆ ಇವತ್ತು ಮತ್ತೆ ಸಂಡೇ ಸ್ಕೂಲಿನ ಮಕ್ಕಳ ಮುಂದೆ ಕೂತೆ. ಕುಡಿತಕ್ಕೆ ಬಿದ್ದು, ಮನೆಯಲ್ಲಿ ಸುಳ್ಳು ಹೇಳಿ, ಕೊನೆಗೆ ಆರಾಧನೆಗೆ ಹೋಗೋದನ್ನೇ ಬಿಟ್ಟಿದ್ದವನು ನಾನು.

ಪಾಠ ಬೈಬಲಿನ ಯೋಹಾನ 21ನೇ ಅಧ್ಯಾಯ: ಸತ್ತು ಎದ್ದು ಬಂದ ಯೇಸುಸ್ವಾಮಿ, ಮೀನು ಹಿಡಿಯುತ್ತಿದ್ದ ಶಿಷ್ಯರಿಗೆ ದಡದಲ್ಲಿ ಕೆಂಡದ ಮೇಲೆ ಊಟ ಸಿದ್ಧಮಾಡಿದ ಕಥೆ. ಬಲೆಯಲ್ಲಿ 153 ಮೀನು ಅಂದಾಗ ಒಬ್ಬ ಹುಡುಗ, "ಯಾರು ಎಣಿಸಿದ್ರು ಅಂಕಲ್?" ಅಂದ. ಎಲ್ಲರೂ ನಕ್ಕರು. ನನ್ನ ಮನಸ್ಸು ಮಾತ್ರ ದಡದ ಕೆಂಡದಲ್ಲೇ ನಿಂತಿತ್ತು. ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದ ರಾತ್ರಿ ಶಿಷ್ಯ ಪೇತ್ರ 'ನಾನು ಆತನ ಶಿಷ್ಯನಲ್ಲ' ಅಂದಿದ್ದೂ ಇಂಥದೇ ಕೆಂಡದ ಹತ್ತಿರ, ಚಳಿ ಕಾಯಿಸಿಕೊಳ್ಳುತ್ತಾ. ಯೇಸುಸ್ವಾಮಿ ಅದರ ಲೆಕ್ಕ ಕೇಳಲೇ ಇಲ್ಲ, ನೋಡಿ. ಮೊದಲು ರೊಟ್ಟಿ, ಮೀನು ಕೊಟ್ಟರು. ಆಮೇಲೆ ಪೇತ್ರನಿಗೆ ಮೂರು ಸಲ ಅದೇ ಪ್ರಶ್ನೆ, 'ನನ್ನನ್ನು ಪ್ರೀತಿಸ್ತೀಯಾ?' ಅಂತ; ಮೂರು ಸಲವೂ ತಮ್ಮ ಕುರಿ ಕಾಯೋ ಕೆಲಸ. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯ್ತಂತೆ. ಅಲ್ಲ ಅಂದಿದ್ದೂ ಮೂರು ಸಲವೇ; ಆಗದೆ ಇರುತ್ತಾ?

ಪಾಠ ಮುಗಿದ ಮೇಲೆ ಪಾದ್ರಿ ಅಯ್ಯನವರು ಹಾಜರಿ ಪುಸ್ತಕ ಕೈಗಿಟ್ಟು, "ಮುಂದಿನ ವಾರ ಒಂಬತ್ತಕ್ಕೇ ಬಾಪ್ಪ" ಅಂದರು.